ನಾಲ್ಕು ಊರು, ನಾಲ್ಕು ಗಂಟೆ, ಒಬ್ಬ ಮಹಾಬಂಧು

ಒಬ್ಬನೇ ಮನುಷ್ಯನಿಗೆ, ಒಂದೇ ಭಾನುವಾರ, ಸರಿಯಾಗಿ ನಾಲ್ಕು ಗಂಟೆಗೆ, ನಾಲ್ಕು ಬೇರೆ ಬೇರೆ ಊರುಗಳಲ್ಲಿ ಸನ್ಮಾನ ಗೊತ್ತಾಗಿತ್ತು. ಇದಕ್ಕೆ ಯಾರು ಹೊಣೆ ಎಂದು ವಿಚಾರಣೆ ನಡೆದಾಗ ಹಾಸನದವರು ಅರಕಲಗೂಡಿನವರ ಕಡೆ ಬೆರಳು ತೋರಿಸಿದರು. ಅರಕಲಗೂಡಿನವರು ಹೊಳೆನರಸೀಪುರದವರ ಕಡೆ ತೋರಿಸಿದರು. ಹೊಳೆನರಸೀಪುರದವರು ಚನ್ನರಾಯಪಟ್ಟಣದವರ ಕಡೆ ತೋರಿಸಿದರು. ಚನ್ನರಾಯಪಟ್ಟಣದವರಿಗೆ ತೋರಿಸಲು ಊರು ಉಳಿದಿರಲಿಲ್ಲವಾದ್ದರಿಂದ ಅವರು ಗ್ರಹಚಾರದ ಕಡೆ ತೋರಿಸಿದರು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಆ ಗ್ರಹಚಾರ ನಾನೇ. ಆಗ ನನಗೆ ಇಪ್ಪತ್ಮೂರು ವರ್ಷ, ಬಿ.ಕಾಂ. ಎರಡನೇ ದರ್ಜೆ, ಹಾಸನದ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ.

ನನಗೊಂದು ಕಾಯಿಲೆಯಿದೆ. ಯಾರಾದರೂ ನನ್ನ ಎದುರು ಹತ್ತು ನಿಮಿಷ ಮಾತಾಡಿದರೆ ಅವರ ದನಿ ಬಂದು ನನ್ನ ಗಂಟಲಲ್ಲಿ ಕೂತುಬಿಡುತ್ತದೆ. ಹಳೇಕೋಟೆ ಹೋಬಳಿಯ ನಮ್ಮೂರ ಶಾಲೆಯಲ್ಲಿ ಹೆಡ್‌ಮೇಷ್ಟರ ದನಿಯಲ್ಲಿ "ಇವತ್ತು ಅರ್ಧ ದಿನ ರಜಾ" ಎಂದು ಕಿಟಕಿಯ ಆಚೆಯಿಂದ ಕೂಗಿದ್ದೆ. ಮಕ್ಕಳೆಲ್ಲ ಓಡಿದರು. ಅದು ದೊಡ್ಡ ವಿಷಯವಲ್ಲ. ಮಕ್ಕಳ ಹಿಂದೆಯೇ ಇಬ್ಬರು ಮೇಷ್ಟರುಗಳೂ ಸೈಕಲ್ ಹತ್ತಿದರು. ಹೀಗೆ ಕಂಡಕಂಡವರ ದನಿ ಮಾತಾಡಿ ಮಾತಾಡಿ ನನ್ನ ಸ್ವಂತ ದನಿ ಯಾವುದು ಎಂಬುದು ನನಗೇ ಸರಿಯಾಗಿ ನೆನಪಿಲ್ಲ. ಕಟ್ಟಾಯದ ಹತ್ತಿರ ಒಂದು ಹೆಣ್ಣು ನೋಡಲು ಹೋಗಿದ್ದಾಗ ಹುಡುಗಿಯ ತಂದೆ ಮೂಗಿನಲ್ಲಿ, ನಿಧಾನವಾಗಿ, "ಏನಪ್ಪಾ... ಕೆಲ್ಸ... ಎಂಗೈತೆ?" ಎಂದು ಕೇಳಿದರು. ನಾನೂ ಮೂಗಿನಲ್ಲಿ, ನಿಧಾನವಾಗಿ, "ಚೆನ್ನಾಗೈತೆ... ಮಾವಾ..." ಎಂದೆ. ಬೇಕೆಂದು ಮಾಡಿದ್ದಲ್ಲ, ತಾನಾಗಿ ಬಂತು. ಒಳಗಿನಿಂದ ಹುಡುಗಿ ಕಿಸಕ್ಕನೆ ನಕ್ಕಳು. ಅವಳು ಒಪ್ಪಿದ್ದಳೆಂದು ನನಗೆ ಈಗಲೂ ನಂಬಿಕೆ. ಒಪ್ಪದೆ ಹೋದವರು ಆ ಮೂಗು.

ನಮ್ಮ ಅಂಗಡಿಯ ಯಜಮಾನರು ಮೊಗಣ್ಣಗೌಡರು. ಅರಕಲಗೂಡಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವರು. ಹೊಳೆನರಸೀಪುರದಲ್ಲಿ ಎಂಟನೇ ಕ್ಲಾಸಿನವರೆಗೆ ಓದಿ, ಅಲ್ಲಿಗೆ ಸಾಕೆನಿಸಿ ಬಿಟ್ಟವರು. ಚನ್ನರಾಯಪಟ್ಟಣದ ಅಳಿಯ. ಅಂಗಡಿ ಹಾಸನದಲ್ಲಿ. ಈ ನಾಲ್ಕು ತಾಲ್ಲೂಕಿನ ತೋಟ ಗದ್ದೆಗಳಲ್ಲಿ ಬಾವಿಯ ನೀರು ಮೇಲೆ ಬರುತ್ತಿದ್ದರೆ ಅದನ್ನು ಎತ್ತುತ್ತಿದ್ದದ್ದು ಮುಕ್ಕಾಲು ಪಾಲು ಗೌಡರು ಮಾರಿದ ಮೋಟಾರು. ಆ ಮೋಟಾರು ಸುಟ್ಟರೆ ಅದಕ್ಕೆ ಮತ್ತೆ ತಂತಿ ಸುತ್ತುವುದೂ ನಮ್ಮ ಅಂಗಡಿಯ ಮೆಕ್ಯಾನಿಕ್ ಬಾಬುವೇ. ಗೌಡರದು ಹಳ್ಳದ ಈಚೆಯಿಂದ ಆಚೆಗೆ ಮಾತಾಡುವ ದನಿ. ಫೋನಿನಲ್ಲೂ ಅದೇ ದನಿ. ಚನ್ನರಾಯಪಟ್ಟಣಕ್ಕೆ ಮಾತಾಡುತ್ತಿದ್ದರೆ ಫೋನು ಏಕೆ ಬೇಕು, ಸುಮ್ಮನೆ ಬಾಗಿಲಲ್ಲಿ ನಿಂತು ಆ ಕಡೆ ಮುಖ ಮಾಡಿದರೆ ಸಾಲದೆ ಎಂದು ಬಾಬು ಕೇಳುತ್ತಿದ್ದ.

ಗೌಡರಿಗೆ ಇನ್ನೊಂದು ಅಭ್ಯಾಸವಿತ್ತು. ಯಾರು ಏನು ಕೇಳಿದರೂ "ಭಾನ್ವಾರ ನಾಕ್ ಗಂಟೆಗೆ ಬನ್ನಿ" ಎನ್ನುತ್ತಿದ್ದರು. ಸುಟ್ಟ ಮೋಟಾರು ಯಾವಾಗ ಸಿಗುತ್ತದೆ? ಭಾನ್ವಾರ ನಾಕ್ ಗಂಟೆಗೆ. ಗಣಪತಿ ಚಂದಾ? ಭಾನ್ವಾರ ನಾಕ್ ಗಂಟೆಗೆ. ಭಾನುವಾರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿರುತ್ತದೆ ಎಂಬುದು ಈ ಮಾತಿನ ಗುಟ್ಟು. ಗಿರಾಕಿಗಳಿಗೆಲ್ಲ ಇದು ಗೊತ್ತು. ಅವರು ಸುಮ್ಮನೆ ಸೋಮವಾರ ಬರುತ್ತಿದ್ದರು. ಹೀಗೆ ಯಾರಿಗೂ ತೊಂದರೆಯಿಲ್ಲದೆ ಲೋಕ ನಡೆಯುತ್ತಿತ್ತು.

ಇಂಥ ಮೊಗಣ್ಣಗೌಡರು ಒಂದು ದಿನ ಮಹಾಬಂಧುವಾದರು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ‘ಸರ್ವಬಂಧು ಕೂಟ’ ಎಂದು ಒಂದು ಸಂಸ್ಥೆ ಇತ್ತು. ಊರಿನ ವ್ಯಾಪಾರಸ್ಥರು, ವಕೀಲರು, ಮೇಷ್ಟರುಗಳು ಸೇರಿ ಕಣ್ಣಿನ ತಪಾಸಣೆ ಮಾಡಿಸುವುದು, ಶಾಲೆಗೆ ಬೆಂಚು ಕೊಡಿಸುವುದು, ರಕ್ತದಾನ ಮಾಡುವುದು, ಆಮೇಲೆ ಮೈಸೂರುಪಾಕು ತಿಂದು ಅದನ್ನು ವಾಪಸ್ ಪಡೆಯುವುದು, ಇಂಥ ಕೆಲಸ. ಸದಸ್ಯರಾದವರು ಪರಸ್ಪರ ‘ಬಂಧು’ ಎಂದೇ ಕರೆಯಬೇಕು. ನಿವೇಶನದ ಬೇಲಿಗಾಗಿ ಕೋರ್ಟಿನಲ್ಲಿ ಬಡಿದಾಡುತ್ತಿದ್ದ ಇಬ್ಬರು ಸದಸ್ಯರು "ಬಂಧುಗಳೇ, ನಿಮ್ಮ ಮೇಲೆ ಇನ್ನೊಂದು ಕೇಸು ಹಾಕಿದ್ದೇನೆ" ಎಂದು ಕೈಕುಲುಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಂಧುವಾಗಿ ಹತ್ತಾರು ವರ್ಷ ದುಡಿದರೆ ಹಿರಿಬಂಧು. ಹಿರಿಬಂಧುಗಳೆಲ್ಲ ಸೇರಿ ಆರಿಸುವವನು ಮಹಾಬಂಧು. ಹಲವು ಜಿಲ್ಲೆಗಳ ಕೂಟಗಳಿಗೆಲ್ಲ ಅವನೇ ತಲೆ. ಅವನ ಕೊರಳಿಗೆ ಬೆಳ್ಳಿಯ ನೀರು ಕುಡಿಸಿದ ಒಂದು ಸರಪಳಿ ಹಾಕುತ್ತಾರೆ. ಕೈಗೆ ಒಂದು ಮರದ ಸುತ್ತಿಗೆ ಕೊಡುತ್ತಾರೆ. ಅವನು ಆ ಸುತ್ತಿಗೆಯಿಂದ ಮೇಜು ಬಡಿದ ಮೇಲೆಯೇ ಸಭೆ ಶುರುವಾಯಿತೆಂದು ಲೆಕ್ಕ.

ನಮ್ಮ ಸೀಮೆಯಿಂದ ಅಲ್ಲಿಯವರೆಗೆ ಯಾರೂ ಮಹಾಬಂಧು ಆಗಿರಲಿಲ್ಲ. ಗೌಡರು ಇಪ್ಪತ್ತು ವರ್ಷ ಊರೂರು ತಿರುಗಿ, ಕಣ್ಣು ಮಂಜಾದ ಅಜ್ಜಿಯರನ್ನು ತಮ್ಮ ಪಂಪ್‌ಸೆಟ್ಟಿನ ವ್ಯಾನಿನಲ್ಲೇ ಆಸ್ಪತ್ರೆಗೆ ಹೊತ್ತು ತಂದು ಆ ಸರಪಳಿ ಸಂಪಾದಿಸಿದ್ದರು. ಆರಿಸಿ ಬಂದ ದಿನ ಅಂಗಡಿಯಲ್ಲಿ ಕೂತು ಸರಪಳಿಯನ್ನು ಕೈಯಲ್ಲಿ ತೂಗಿ ನೋಡಿ, "ಎಂಟ್ನೇ ಕ್ಲಾಸಿಗೆ ಬುಟ್ಟೋನ್ ಕಣ್ಲಾ ಮಂಜ ನಾನು," ಎಂದರು. ಯಾರನ್ನೂ ಬಿಡದೆ ಅಣಕಿಸುವ ನನಗೂ ಆ ಮಾತನ್ನು ಅಣಕಿಸಲು ಮನಸ್ಸು ಬರಲಿಲ್ಲ. ಅವತ್ತು ಬರಲಿಲ್ಲ, ಅಷ್ಟೇ.

ಆ ವಾರ ಗೌಡರ ಹೆಂಡತಿ ಜಯಮ್ಮನವರು ಚನ್ನರಾಯಪಟ್ಟಣದ ತವರಿಗೆ ಹೋಗಿದ್ದರು. ಹೀಗಾಗಿ ಗೌಡರು ಮಧ್ಯಾಹ್ನ ಹೋಟೆಲಿನಲ್ಲಿ ಉಂಡು, ಹಿಂದಿನ ಬೀದಿಯ ಗೋಡೌನಿನಲ್ಲಿ ಪೈಪುಗಳ ಪಕ್ಕ ಒಂದು ನಿದ್ದೆ ತೆಗೆಯುತ್ತಿದ್ದರು. ಫೋನು ಬಂದರೆ ನಾನು ಎತ್ತಿ "ಗೌಡ್ರು ಊಟಕ್ಕೆ ಹೋಗವ್ರೆ" ಎನ್ನಬೇಕು. ಒಂದು ಮಧ್ಯಾಹ್ನ ನಾನು ಬಾಬುವಿಗೆ ಗೌಡರ ದನಿಯನ್ನು ಮಾಡಿ ತೋರಿಸುತ್ತಿದ್ದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎತ್ತಿದೆ. ಗಂಟಲಲ್ಲಿ ಕೂತಿದ್ದ ಗೌಡರು ಇನ್ನೂ ಇಳಿದಿರಲಿಲ್ಲ. "ಆಂ! ಯೋಳಿ!" ಎಂದುಬಿಟ್ಟೆ.

ಆ ಕಡೆ ಅರಕಲಗೂಡಿನ ಕೂಟದ ಅಧ್ಯಕ್ಷರು. "ಗೌಡ್ರೆ, ನೀವು ನಮ್ಮೂರ ಮಗ. ಸನ್ಮಾನ ಮೊದ್ಲು ನಮ್ಮೂರಲ್ಲೇ ಆಗ್ಬೇಕು. ಯಾವತ್ತು ಮಡಿಕಳನ?"

ನಾನು "ರಾಂಗ್ ನಂಬರ್" ಎನ್ನಬಹುದಿತ್ತು. ಆದರೆ ಎದುರಿಗೆ ಬಾಬು ತಾಮ್ರದ ತಂತಿಯ ಸುರುಳಿ ಹಿಡಿದುಕೊಂಡೇ ನೆಲಕ್ಕೆ ಕುಸಿದು ನಗುತ್ತಿದ್ದ. ಕಲಾವಿದನಿಗೆ ಪ್ರೇಕ್ಷಕ ಸಿಕ್ಕಮೇಲೆ ಅವನನ್ನು ದೇವರೂ ತಡೆಯಲಾರ. "ನಿಮ್ಮೂರ್ ಬುಟ್ಟು ಇನ್ನೆಲ್ಲಿಗ್ ಓದೇನು? ನಿಮ್ಮೂರೇ ಮೊದ್ಲು! ಬರೋ ಭಾನ್ವಾರ ಬ್ಯಾಡ, ಅದ್ರಾಚೆ ಭಾನ್ವಾರ, ನಾಕ್ ಗಂಟೆಗೆ ಮಡಿಕಳ್ಳಿ!" ಎಂದೆ. ನಾಲ್ಕು ಗಂಟೆ ಎಂದು ಯಾಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಗೌಡರ ದನಿ ಬಂದಮೇಲೆ ಬಾಯಿಗೆ ಬೇರೆ ದಿನ, ಬೇರೆ ಗಂಟೆ ಹೇಗೆ ಬಂದೀತು? ಅಣಕಿಸುವವನಿಗೂ ಒಂದು ನಿಯತ್ತು ಬೇಡವೇ?

ಮಾರನೆಯ ದಿನ ಅದೇ ಹೊತ್ತಿಗೆ ಹೊಳೆನರಸೀಪುರದವರು. "ಓದಿದ ಊರು ಗೌಡ್ರೆ, ನಮ್ಮ ಹಕ್ಕು." ಅವರಿಗೂ ಅದೇ ಉತ್ತರ. ಆಮೇಲೆ ಚನ್ನರಾಯಪಟ್ಟಣ. "ಅಳಿಯಂದ್ರಿಗೆ ಮಾವನ ಊರೇ ಮೊದಲು." ಅವರಿಗೂ ಅದೇ. ಹಾಸನದವರು ಫೋನು ಮಾಡುವ ಹೊತ್ತಿಗೆ ಅಕ್ಕಪಕ್ಕದ ಅಂಗಡಿಯವರೂ ಬಂದು ನಮ್ಮ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಆ ದಿನ ನಾನು ಕೊನೆಯಲ್ಲಿ ಗೌಡರ ಕೆಮ್ಮನ್ನೂ ಸೇರಿಸಿದೆ. ಗಿರಾಕಿಗಳ ಹಾಗೆ ಇವರೂ ಅರ್ಥ ಮಾಡಿಕೊಳ್ಳುತ್ತಾರೆ, ಸೋಮವಾರ ಬಂದು ಎದುರಿಗೇ ಮಾತಾಡುತ್ತಾರೆ ಎಂದುಕೊಂಡಿದ್ದೆ. ಬಂಧುಗಳು ಸೋಮವಾರ ಬರಲಿಲ್ಲ. ಪ್ರೆಸ್ಸಿಗೆ ಹೋದರು.

ಮುಂದಿನ ಸೋಮವಾರದ ಟಪಾಲಿನಲ್ಲಿ ನಾಲ್ಕು ಆಹ್ವಾನ ಪತ್ರಿಕೆಗಳು ಬಂದವು. ಒಂದು ಗುಲಾಬಿ, ಒಂದು ಹಳದಿ, ಒಂದು ತಿಳಿಹಸಿರು, ಒಂದು ಚಿನ್ನದ ಅಂಚು. ನಾಲ್ಕರಲ್ಲೂ ಅದೇ ಭಾನುವಾರ, ‘ಸಂಜೆ ನಾಲ್ಕು ಗಂಟೆಗೆ ಸರಿಯಾಗಿ’. ಗೌಡರು ಅವನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಸ್ಪೀಟಿನ ಎಲೆಗಳ ಹಾಗೆ ಹರಡಿಕೊಂಡು ನೋಡಿದರು. ಒಂದೊಂದೇ ಊರಿಗೆ ಫೋನು ಮಾಡಿದರು. ನಾಲ್ಕು ಊರಿನವರೂ ಒಂದೇ ಮಾತು: "ನೀವೇ ಯೋಳಿದ್ರಲ್ಲ ಗೌಡ್ರೆ! ನಿಮ್ಮ ದನಿ ನಮಗ್ ಗೊತ್ತಾಗಲ್ವಾ?"

ಈಗ ಗೌಡರು ಎದ್ದು ನಮ್ಮೆಲ್ಲರ ಚರ್ಮ ಸುಲಿಯುತ್ತಾರೆಂದು ಬಾಬು ಒಂದು ಮೋಟಾರಿನ ಹಿಂದೆ ಸರಿದು ಕೂತ. ಗೌಡರು ಬೈಯಲಿಲ್ಲ. ಫೋನನ್ನು ಮೆಲ್ಲಗೆ ಇಟ್ಟು, "ನಾನೇ ಯೋಳಿರ್ಬೇಕು ಕಣ್ಲಾ ಮಂಜ," ಎಂದರು. "ಭಾನ್ವಾರ ನಾಕ್ ಗಂಟೆ ಅಂದ್ರೆ ಅದು ನಂದೇ ಮಾತು. ಇನ್ಯಾವನ್ ಅಂದಾನು? ಆದ್ರೆ ನಂಗ್ ಒಂದ್ ಚೂರೂ ಗ್ಯಾಪಕ ಬರ್ತಿಲ್ಲ." ಬೀದಿಯ ಕಡೆ ನೋಡುತ್ತಾ, "ನಮ್ ದೊಡ್ಡಪ್ಪಂಗೂ ಇಂಗೇ ಶುರುವಾಗಿದ್ದು. ಕೊನೆಕೊನೇಗೆ ತಾನೇ ಸಾಕಿದ್ ಎತ್ನ ನೋಡಿ ಯಾರ್ದಲಾ ಇದು ಅಂತಿದ್ದ," ಎಂದರು.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. "ಗೌಡ್ರೆ, ಅದು..." ಎಂದೆ. ಅವರು ನನ್ನ ಭುಜ ಹಿಡಿದುಕೊಂಡರು. "ಈ ಅಂಗಡೀಲಿ ನಾನ್ ನಂಬಿರೋದು ಎರಡನ್ನೇ ಕಣ್ಲಾ. ಒಂದು ನಿನ್ನ, ಇನ್ನೊಂದು ನನ್ ಗ್ಯಾಪಕವ. ಎರಡ್ನೇದು ಕೈ ಕೊಡ್ತು. ನೀನೊಬ್ಬ ಇದ್ದೀಯಲ್ಲ, ಬುಡು." ಇಂಥ ಮಾತು ಕೇಳಿದ ಮೇಲೆ ತಪ್ಪೊಪ್ಪಿಕೊಳ್ಳಲು ಹರಿಶ್ಚಂದ್ರನ ವಂಶದವನೇ ಆಗಿರಬೇಕು. ನಾನು ಬಿಲ್ಲು ಬರೆಯುವವನು. ಬಿಲ್ಲು ಬರೆದೆ.

ಅವತ್ತಿನಿಂದ ಗೌಡರ ಪರೀಕ್ಷೆ ಶುರುವಾಯಿತು. ಜಯಮ್ಮನವರು ಅಷ್ಟರಲ್ಲಿ ತವರಿನಿಂದ ಬಂದಿದ್ದರು. ನೆನಪಿನ ಶಕ್ತಿಗೆ ಒಳ್ಳೆಯದೆಂದು ಬೆಳಗ್ಗೆ ಒಂದೆಲಗದ ಚಟ್ನಿ, ಮಧ್ಯಾಹ್ನ ಒಂದೆಲಗದ ತಂಬುಳಿ, ಸಾಯಂಕಾಲ ಒಂದೆಲಗದ ಎಲೆಯನ್ನೇ ದನದ ಹಾಗೆ ಹಸಿಹಸಿಯಾಗಿ. ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಅವನ ಹೆಸರು, ಅವನ ಅಪ್ಪನ ಹೆಸರು, ಊರು, ಕೊಂಡ ಮೋಟಾರಿನ ಕುದುರೆ ಶಕ್ತಿ, ಅದು ಎಷ್ಟು ಸಲ ಸುಟ್ಟಿದೆ ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಸರೀನಾ?" ಎಂದು ಕೇಳುತ್ತಿದ್ದರು. ಎಲ್ಲವೂ ಸರಿಯಾಗಿರುತ್ತಿತ್ತು. ಒಂದು ತಪ್ಪೂ ಇರುತ್ತಿರಲಿಲ್ಲ. "ಅಳೇದೆಲ್ಲ ಐತೆ ಕಣ್ಲಾ, ಒಸದು ನಿಲ್ತಿಲ್ಲ," ಎಂದು ಅದಕ್ಕೂ ಕೊರಗುತ್ತಿದ್ದರು. ಒಮ್ಮೆ ನನ್ನನ್ನೇ ದುರುಗುಟ್ಟಿ ನೋಡಿ, "ನಿನ್ನೆಸ್ರು ಮಂಜ ತಾನೇ?" ಎಂದರು. "ಊಂ ಗೌಡ್ರೆ," ಎಂದೆ. "ಸದ್ಯ," ಎಂದು ನಿಟ್ಟುಸಿರುಬಿಟ್ಟರು. ಆ ನಿಟ್ಟುಸಿರಿಗಿಂತ ಅವರು ನನ್ನ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಇನ್ನು ನಾಲ್ಕು ಸನ್ಮಾನಗಳ ಗತಿ? ಒಂದೊಂದನ್ನು ಒಂದೊಂದು ವಾರಕ್ಕೆ ಹಾಕಬಹುದಲ್ಲ ಎಂದು ನಿಮಗೆ ಅನಿಸುತ್ತದೆ. ನನಗೂ ಅನಿಸಿತ್ತು. ಅದಕ್ಕೆ ಅಡ್ಡ ಬಂದವರು ಕೂಟದ ಕಾರ್ಯದರ್ಶಿ ನರಸಿಂಹಮೂರ್ತಿಗಳು. ಹೊಳೆನರಸೀಪುರದ ನಿವೃತ್ತ ಗಣಿತದ ಮೇಷ್ಟರು. ಬಟ್ಟೆಯ ಚೀಲದಲ್ಲಿ ಸದಾ ಕೂಟದ ನಿಯಮ ಪುಸ್ತಕ. ಅವರು ಅಂಗಡಿಗೆ ಬಂದು ಕನ್ನಡಕ ಏರಿಸಿ, "ಅಚ್ಚಾದ ಕಾರ್ಯಕ್ರಮವನ್ನು ಬದಲಾಯಿಸತಕ್ಕದ್ದಲ್ಲ. ನಿಯಮ ಹನ್ನೊಂದು. ಈ ನಿಯಮ ಬೇಕು ಅಂತ ಹೋದ ವರ್ಷ ಕೈ ಎತ್ತಿ ಹಟ ಹಿಡಿದವರು ಯಾರು ಗೊತ್ತೇನಯ್ಯಾ? ಸಾಕ್ಷಾತ್ ಮೊಗಣ್ಣಗೌಡರು," ಎಂದರು. ಗೌಡರು ಸೋತ ದನಿಯಲ್ಲಿ, "ಅದೂ ಗ್ಯಾಪಕ ಇಲ್ಲ ಮೂರ್ತಿಗಳೇ," ಎಂದರು. ಆ ಸಭೆಗೆ ಅವರು ಹೋಗಿರಲೇ ಇಲ್ಲವೆಂದು ಆಮೇಲೆ ತಿಳಿಯಿತು. ಮೂರ್ತಿಗಳು ಹಳ್ಳಿಮೈಸೂರಿನ ಇನ್ನೊಬ್ಬ ಗೌಡರನ್ನು ಇವರೆಂದು ತಿಳಿದಿದ್ದರು. ಆದರೆ ಆ ವಾರ ಯಾರು ಏನು ಹೇಳಿದರೂ ಗೌಡರು ತಮ್ಮ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದರು.

ದಾರಿ ತೋರಿಸಿದ್ದೂ ಮೂರ್ತಿಗಳೇ. ನಿಯಮ ಪುಸ್ತಕವನ್ನು ಬೆಳಗಿನಿಂದ ತಿರುವಿ ತಿರುವಿ ಒಂದು ಕಡೆ ಬೆರಳಿಟ್ಟರು. ‘ಮಹಾಬಂಧುಗಳು ಸುತ್ತಿಗೆ ಬಡಿದ ಕ್ಷಣವನ್ನೇ ಸಭೆಯ ನಿಗದಿತ ಸಮಯವೆಂದು ಭಾವಿಸತಕ್ಕದ್ದು.’ ತಡವಾಗಿ ಬರುವ ಅಧ್ಯಕ್ಷರ ಮಾನ ಉಳಿಸಲು ಯಾರೋ ಪುಣ್ಯಾತ್ಮರು ಬರೆದಿಟ್ಟ ನಿಯಮ. "ಅಂದಮೇಲೆ," ಎಂದರು ಮೂರ್ತಿಗಳು, ಲೆಕ್ಕ ಬಿಡಿಸಿದ ಸಂತೋಷದಲ್ಲಿ, "ಇವರು ಹಾಸನದಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸುತ್ತಿಗೆ ಬಡಿದರೆ ಅಲ್ಲಿ ಆಗ ನಾಲ್ಕು. ಅರಕಲಗೂಡಿನಲ್ಲಿ ಹನ್ನೊಂದೂವರೆಗೆ ಬಡಿದರೆ ಅಲ್ಲಿ ನಾಲ್ಕು. ಹೊಳೆನರಸೀಪುರದಲ್ಲಿ ಮಧ್ಯಾಹ್ನ ಒಂದೂವರೆಗೆ ನಾಲ್ಕು. ಚನ್ನರಾಯಪಟ್ಟಣದಲ್ಲಿ ನಾಲ್ಕಕ್ಕೇ ನಾಲ್ಕು. ಎಲ್ಲರೂ ಗಡಿಯಾರದ ಸೆಲ್ ತೆಗೆದು ಮುಳ್ಳು ನಾಲ್ಕಕ್ಕೆ ಇಟ್ಟುಕೊಳ್ಳಲಿ." ನಾಲ್ಕು ಊರಿನವರೂ ಒಪ್ಪಿದರು. ಒಪ್ಪಿದ್ದು ಹೇಗೆ ಎಂದು ಕೇಳಬೇಡಿ. ತಮ್ಮ ಊರು ಬಿಟ್ಟು ಬೇರೆ ಊರಿನ ಗಡಿಯಾರ ಸುಳ್ಳು ಹೇಳುತ್ತದೆಂದು ಪ್ರತಿಯೊಬ್ಬರಿಗೂ ಖುಷಿಯಾಗಿತ್ತು. ಅರಕಲಗೂಡಿನವರು ಆಟೋಗೆ ಮೈಕು ಕಟ್ಟಿ ಊರಲ್ಲೆಲ್ಲ ಸಾರಿದರು: "ಮಹಾಜನಗಳೇ, ಭಾನುವಾರ ಸಂಜೆ ನಾಲ್ಕು ಗಂಟೆಯ ಕಾರ್ಯಕ್ರಮವು ಬೆಳಗ್ಗೆ ಹನ್ನೊಂದೂವರೆಗೆ ಸರಿಯಾಗಿ ನಡೆಯಲಿದೆ."

ನಾಲ್ಕೂ ಕಡೆ ನಿರೂಪಣೆ ನನ್ನದು. ದನಿ ಚೆನ್ನಾಗಿದೆಯಂತೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹಾಸನದ ಕಲ್ಯಾಣ ಮಂಟಪದಲ್ಲಿ, ಕಿಟಕಿಯಿಂದ ಬಂದ ಎಳೆ ಬಿಸಿಲು ಕಣ್ಣಿಗೆ ಚುಚ್ಚುತ್ತಿರುವಾಗ, "ಈ ಸುಂದರ ಸಂಜೆಯಲ್ಲಿ ತಮಗೆಲ್ಲ ಸ್ವಾಗತ" ಎಂದೆ. ಜನ ಚಪ್ಪಾಳೆ ತಟ್ಟಿದರು. ಗೌಡರು ಸುತ್ತಿಗೆ ಬಡಿದರು. ಗೋಡೆಯ ಗಡಿಯಾರ ನಾಲ್ಕು ಎಂದಿತು. ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಗಾಜು ಹಾಕಿದ ಬಿನ್ನವತ್ತಳೆ. ಆಮೇಲೆ ಉಪ್ಪಿಟ್ಟು, ಕೇಸರಿಭಾತು, ಕಾಫಿ. ಅರಕಲಗೂಡಿನಲ್ಲಿ ಮತ್ತೆ ಸುಂದರ ಸಂಜೆ, ಮತ್ತೆ ಪೇಟ, ಮತ್ತೆ ಉಪ್ಪಿಟ್ಟು ಕೇಸರಿಭಾತು. ಹೊಳೆನರಸೀಪುರ ತಲುಪಿದಾಗ ಒಂದೂವರೆ, ಹೊಟ್ಟೆ ಅನ್ನ ಸಾರು ಕೇಳುತ್ತಿತ್ತು. ನಾನು ನಾಚಿಕೆ ಬಿಟ್ಟು, ಊಟದ ಏರ್ಪಾಡು ಏನಾದರೂ ಇದೆಯೇ ಎಂದು ಮೂರ್ತಿಗಳನ್ನು ಕೇಳಿದೆ. ಅವರು ಗೋಡೆಯ ಗಡಿಯಾರ ತೋರಿಸಿ, "ನಾಲ್ಕು ಗಂಟೆಗೆ ಯಾರಾದರೂ ಊಟ ಹಾಕುತ್ತಾರೇನಯ್ಯಾ?" ಎಂದರು. ಉಪ್ಪಿಟ್ಟು ಬಂತು. ಬಿನ್ನವತ್ತಳೆ ಓದಲು ನಿಂತೆ. ನಾಲ್ಕೂ ಊರಿನವರು ಹಾಸನದ ಒಂದೇ ಪ್ರೆಸ್ಸಿಗೆ ಕೊಟ್ಟಿದ್ದರು. ಪ್ರೆಸ್ಸಿನವನು ಊರಿನ ಹೆಸರೊಂದನ್ನು ಬದಲಾಯಿಸಿ ಉಳಿದದ್ದನ್ನು ಹಾಗೇ ಬಿಟ್ಟಿದ್ದ. ಒಂದು ಬೆಳಗಿನೊಳಗೆ ಗೌಡರು ಮೂರು ಊರುಗಳ ‘ಮಣ್ಣಿನಲ್ಲಿ ಹುಟ್ಟಿ, ಇಲ್ಲಿಯೇ ಮೊದಲ ಅಕ್ಷರ ಕಲಿತು’ ಬಿಟ್ಟಿದ್ದರು.

ಹೊಳೆನರಸೀಪುರ ಬಿಡುವಾಗ ರೈಲ್ವೆ ಗೇಟು ಹಾಕಿತ್ತು. ನಮ್ಮ ಬಾಡಿಗೆ ಅಂಬಾಸಿಡರ್ ಕಾರಿನಲ್ಲಿ ಡ್ರೈವರ್ ಪಕ್ಕ ಮೂರ್ತಿಗಳು ನಿಯಮ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಹಿಂದೆ ಗೌಡರು, ನಾನು, ನಡುವೆ ಮೂರು ಬುಟ್ಟಿ ಹಣ್ಣು. ಪೇಟ ತೆಗೆಯಲು ಗೌಡರಿಗೆ ಆಯಾಸ; ಮೂರನೆಯದು ತಲೆಯ ಮೇಲೆಯೇ ಇತ್ತು, ಮೊದಲೆರಡು ನನ್ನ ತೊಡೆಯ ಮೇಲಿದ್ದವು. ಪಕ್ಕದಲ್ಲಿ ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರ ಬಸ್ಸೊಂದು ನಿಂತಿತ್ತು. ಅದರ ಕ್ಲೀನರ್ ಬಗ್ಗಿ ನಮ್ಮ ಕಾರಿನೊಳಗೆ ನೋಡಿ, ಪೇಟ ಹಾರ ಸರಪಳಿ ಎಲ್ಲ ಕಂಡು, "ಗಂಡಿನ ಕಡೇವ್ರಾ ಸಾ? ಮೂರ್ತ ಎಷ್ಟೊತ್ತಿಗೆ?" ಎಂದು ಕೇಳಿದ. "ನಾಲ್ಕು ಗಂಟೆಗೆ," ಎಂದೆ. ಅವನು ಗೌಡರನ್ನು ಇನ್ನೊಂದು ಸಲ ನೋಡಿ, "ಗಂಡು ವಸಿ ಬಲ್ತೋಗೈತೆ," ಎಂದು ಸರಿದುಕೊಂಡ.

ಬೇರೆ ದಿನವಾಗಿದ್ದರೆ ಗೌಡರು ಗೇಟು ಮುರಿಯುವ ಹಾಗೆ ನಗುತ್ತಿದ್ದರು. ಅವತ್ತು ನಗಲಿಲ್ಲ. ಸರಪಳಿಯನ್ನು ಬೆರಳಲ್ಲಿ ತಿರುವುತ್ತಾ, "ಮಂಜ, ಒಂದ್ ಮಾತು," ಎಂದರು. "ಚನ್ರಾಯಪಟ್ಣದಲ್ಲಿ ಇದ್ನ ಬಿಚ್ಚಿ ಮೂರ್ತಿಗಳ್ ಕೈಗ್ ಕೊಟ್ಬುಡ್ತೀನಿ. ಇಷ್ಟೊಂದ್ ಜನದ್ ಕೆಲ್ಸ. ಕಣ್ಣಿನ್ ಆಪರೇಸನ್‌ಗೆ ಒಂದಿನ ಯೋಳಿ ಇನ್ನೊಂದಿನ ಮರ್ತ್ರೆ ಮುದುಕೀರು ಬಿಸಿಲಲ್ ಕುಂತಿರ್ತಾರೆ. ಮರೆವಿನೋನು ಆಗ್ಬಾರ್ದು ಕಣ್ಲಾ ಇದ್ಕೆ. ಇದ್ನ ಬುಡ್ತೀನಿ ಅಂತ ಜಯಮ್ಮಂಗೂ ಯೋಳಿಲ್ಲ." ಗೇಟು ತೆರೆಯಿತು.

ಚನ್ನರಾಯಪಟ್ಟಣದ ಸಭಾಂಗಣಕ್ಕೆ ನಾವು ಕಾಲಿಟ್ಟಾಗ ನಿಜವಾಗಿಯೂ ನಾಲ್ಕು ಗಂಟೆ. ಅವರೂ ಹಿಂದಿನ ದಿನವೇ ಗಡಿಯಾರ ನಿಲ್ಲಿಸಿದ್ದರಿಂದ, ನಾಲ್ಕು ಊರಿನ ಗಡಿಯಾರಗಳಲ್ಲಿ ಅದೊಂದು ಮಾತ್ರ ಒಂದು ನಿಮಿಷದ ಮಟ್ಟಿಗೆ ಸತ್ಯ ಹೇಳಿತು. ಅದನ್ನು ನೋಡಲು ಸಭೆಯಲ್ಲಿ ಯಾರೂ ಇರಲಿಲ್ಲ. ಸುಳ್ಳು ನಾಲ್ಕಕ್ಕೆ ಮೂರೂ ಊರಿನವರು ಕಿಕ್ಕಿರಿದು ಸೇರಿದ್ದರು; ನಿಜವಾದ ನಾಲ್ಕಕ್ಕೆ ಸೇರಬೇಕಾದವರು ಐದಕ್ಕೆ ಬಂದರು. ಸಭೆ ತುಂಬಿದಾಗ ಮುಂದಿನ ಸಾಲಿನಲ್ಲಿ ಜಯಮ್ಮನವರು ತವರಿನ ಹೆಂಗಸರ ನಡುವೆ ರೇಷ್ಮೆ ಸೀರೆಯುಟ್ಟು ಕೂತಿದ್ದರು. ಉಳಿದ ಮೂರು ಊರಿನ ಅಧ್ಯಕ್ಷರೂ ತಮಗಿಂತ ಇಲ್ಲಿ ಏನು ಹೆಚ್ಚು ಮಾಡುತ್ತಾರೋ ನೋಡೋಣವೆಂದು ಹಿಂಬಾಲಿಸಿ ಬಂದಿದ್ದರು.

ಪೇಟ ಶಾಲುಗಳಾದವು. ಗೌಡರು ಮಾತಾಡಲು ಎದ್ದರು. ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು, "ಬಂಧುಗಳೇ, ನೀವು ಕೊಟ್ಟ ಈ ಸರಪಳೀನ..." ಎನ್ನುತ್ತಾ ಕೈಯನ್ನು ಕೊರಳ ಹಿಂದೆ ಕೊಂಡಿಯ ಕಡೆ ಒಯ್ದರು. ನನ್ನ ಕಾಲುಗಳು ನನ್ನನ್ನು ಕೇಳದೆ ಓಡಿದವು. ಮೈಕು ಕಿತ್ತುಕೊಂಡು, ನನ್ನ ಸ್ವಂತದ್ದೆಂದು ನಾನು ನಂಬಿರುವ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಮಧ್ಯಾಹ್ನದ ಫೋನುಗಳು, ಬಾಬುವಿನ ನಗು, ನಾಲ್ಕು ಗಂಟೆ, ಕೆಮ್ಮು. "ಗೌಡ್ರಿಗೆ ಮರೆವಿಲ್ಲ. ತಪ್ಪೆಲ್ಲ ನಂದು," ಎಂದೆ.

ಅರಕಲಗೂಡಿನ ಅಧ್ಯಕ್ಷರು ಎದ್ದು, "ಸುಳ್ಳು! ನಾನ್ ಕೇಳಿದ್ದು ಗೌಡ್ರ ದನೀನೇ," ಎಂದರು. ಹಾಗಾದರೆ ಕೇಳಿ ಎಂದು ನಾನು, "ನಿಮ್ಮೂರ್ ಬುಟ್ಟು ಇನ್ನೆಲ್ಲಿಗ್ ಓದೇನು? ನಿಮ್ಮೂರೇ ಮೊದ್ಲು! ಭಾನ್ವಾರ ನಾಕ್ ಗಂಟೆಗೆ ಮಡಿಕಳ್ಳಿ!" ಎಂದು ಕೆಮ್ಮಿನ ಸಮೇತ ಬಿಟ್ಟೆ. ಸಭೆ ಹೋ ಎಂದು ಎದ್ದು ನಿಂತಿತು. ಅರಕಲಗೂಡಿನವರು, ಹೊಳೆನರಸೀಪುರದವರು, ಹಾಸನದವರು "ಇದೇ! ಇದೇ ದನಿ!" ಎಂದು ಕೂಗಿದರು. ಅಂಥ ಚಪ್ಪಾಳೆ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ. ನಾಚಿಕೆಯಾಗಬೇಕಿದ್ದ ಜಾಗದಲ್ಲಿ, ನಿಜ ಹೇಳುತ್ತೇನೆ, ಸ್ವಲ್ಪ ಸಂತೋಷವೇ ಆಯಿತು.

ಒಬ್ಬರು ಮಾತ್ರ ನಂಬಲಿಲ್ಲ. ದನಿಯ ಯಜಮಾನರು. "ನನ್ ದನಿ ಇಂಗೈತೇನ್ರೀ?" ಎಂದು ಗೌಡರು ಸಭೆಯನ್ನೇ ಕೇಳಿದರು. "ಇದ್ಯಾವನೋ ನೆಗಡಿಯಾದ್ ದಲ್ಲಾಳಿ ದನಿ ಇದ್ದಂಗೈತೆ. ನಾನ್ ಇಂಗ್ ಕಿರುಚ್ತೀನಾ?" ಎಂದು ಕಿರುಚಿದರು. ನಾನು ಅದನ್ನೂ ಹಾಗೆಯೇ ಮಾಡಿ ತೋರಿಸಿದೆ. ಅವರು ತಲೆಯಾಡಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಸಭೆಯ ಕಡೆ ತಿರುಗಿದರು. "ನೋಡ್ರಪ್ಪಾ. ನನ್ ಮಾನ ಉಳ್ಸಾಕೆ ಈ ಉಡ್ಗ ತನ್ ಮೇಲೆ ತಪ್ ಆಕ್ಕೊಂಡು ನಾಟ್ಕ ಆಡ್ತಾವ್ನೆ. ಇಂಥ ನಿಯತ್ತು ಈ ಕಾಲ್ದಲ್ಲಿ ಎಲ್ಲೈತೆ?" ಎಂದು ತಮ್ಮ ಹೆಗಲ ಮೇಲಿದ್ದ ಶಾಲು ತೆಗೆದು ನನಗೆ ಹೊದಿಸಿಬಿಟ್ಟರು. ಯಾರೋ ಪೇಟ ಇಟ್ಟು ಹಾರವನ್ನೂ ಹಾಕಿದರು. ಮೂರ್ತಿಗಳು ನಿಯಮ ಪುಸ್ತಕದಲ್ಲಿ ಇದಕ್ಕೆ ಅವಕಾಶವಿದೆಯೇ ಎಂದು ಹುಡುಕತೊಡಗಿದರು. ತಪ್ಪೊಪ್ಪಿಕೊಂಡದ್ದಕ್ಕೆ ಸನ್ಮಾನ ಮಾಡಿಸಿಕೊಂಡ ಮೊದಲ ಅಪರಾಧಿ ನಾನೇ ಇರಬೇಕು. ಹಾರದೊಳಗಿಂದ ನಾನು "ಇಲ್ಲ ಗೌಡ್ರೆ, ದೇವ್ರಾಣೆ" ಎನ್ನುತ್ತಲೇ ಇದ್ದೆ. ಗೌಡರು ನನ್ನ ಬೆನ್ನು ತಟ್ಟಿ, ಮತ್ತೆ ಕೊರಳ ಹಿಂದೆ ಕೈ ಹಾಕಿ ಕೊಂಡಿ ಬಿಚ್ಚಿದರು.

ಆಗ ಮುಂದಿನ ಸಾಲಿನಿಂದ ಜಯಮ್ಮನವರು ಎದ್ದರು. ಮೈಕು ಬೇಕಾಗಲಿಲ್ಲ. ಇಷ್ಟು ವರ್ಷ ಗೌಡರ ಜೊತೆ ಬಾಳಿದವರು.

"ಅದ್ನ ಆಕ್ಕೊಂಡು ಕುಂತ್ಕಳಿ," ಎಂದರು. "ಆ ಉಡ್ಗ ಯೋಳೋದು ದಿಟ. ನಾನ್ ಇಲ್ಲಿಂದ ಅಂಗ್ಡಿಗೆ ಫೋನ್ ಮಾಡ್ದಾಗ್ಲೂ ಎತ್ತಿದ್ದು ಇವ್ನೇ, ನಿಮ್ ದನೀಲೇ ಮಾತಾಡ್ದ. ಆದ್ರೆ ನಮ್ ತಮ್ಮನ್ ಮಗಳ್ ಸೀಮಂತದ್ ಸಂಗ್ತಿ ನಾನ್ ಯೋಳಿ ಮುಗ್ಸೋಗಂಟ ಸುಮ್ಕಿದ್ದು ಕೇಳ್ದ. ಕೊನೇಗೆ ನಿಂದು ಊಟ ಆಯ್ತಾ ಅಂದ. ಇದು ನಮ್ಮನೆಯವ್ರಲ್ಲ ಅಂತ ನಂಗ್ ಆಗ್ಲೇ ಗೊತ್ತಾಯ್ತು."

ಇದು ನಾನು ಗೌಡರ ದನಿಯಲ್ಲಿ ಎತ್ತಿದ ಐದನೆಯ ಫೋನು. ನಿಮಗೂ ಹೇಳಿರಲಿಲ್ಲ, ಕ್ಷಮಿಸಿ. ನನ್ನ ಕಲೆ ಅಲ್ಲಿಯೂ ಗೆದ್ದಿತ್ತೆಂದು ಇಷ್ಟು ದಿನ ಒಳಗೊಳಗೇ ಬೀಗುತ್ತಿದ್ದೆ. ಸಭೆಯ ಹೆಂಗಸರ ಕಡೆಯಿಂದ ಶುರುವಾದ ನಗು ಗಂಡಸರ ಕಡೆ ತಲುಪುವ ಹೊತ್ತಿಗೆ ಗೌಡರು ಸರಪಳಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಕೂತಿದ್ದರು. ಒಂದು ವಾರದ ಒಂದೆಲಗವೆಲ್ಲ ಒಂದೇ ಕ್ಷಣದಲ್ಲಿ ಮುಖದಿಂದ ಇಳಿದು ಹೋಗಿತ್ತು. ನನ್ನ ಕಡೆ ನೋಡಿದ ನೋಟದಲ್ಲಿ ಸೋಮವಾರ ಬೆಳಗ್ಗೆ ನನಗೆ ಏನು ಕಾದಿದೆ ಎಂಬುದೂ ಇತ್ತು, ಆದರೆ ಅದರ ಹಿಂದೆ ಹಳೆಯ ನಗುವೂ ಇತ್ತು. ಅಲ್ಲಿಗೆ ನಾನು ಶಾಲು ಮಡಚಿಕೊಂಡು ಇಳಿಯಬೇಕಿತ್ತು. ಆದರೆ ಬಾಯಿ ನನ್ನದು. ವೇದಿಕೆಯ ಅಂಚಿಗೆ ಬಂದು, ಸ್ವಲ್ಪ ಅಧಿಕಾರದಲ್ಲೇ ಕೇಳಿದೆ: "ಅಲ್ಲಾ ಅಮ್ಮಾ, ಮೊದ್ಲೇ ಗೊತ್ತಿದ್ರೆ, ಗೌಡ್ರು ಒಂದ್ ವಾರ ಅಷ್ಟು ಸಂಕಟ ಪಡ್ತಿದ್ದಾಗ ನೀವ್ ಯಾಕೆ ಸುಮ್ನಿದ್ರಿ?"

ಜಯಮ್ಮನವರು ಸೆರಗು ಸರಿಮಾಡಿಕೊಂಡು ಕೂರುತ್ತಾ ಅಂದರು:

"ಮರೆವು ಬಂತು ಅಂತ ಎದ್ರುಕೊಂಡು ಈ ಒಂದ್ ವಾರ ನಾನ್ ಯೋಳಿದ್ ಮಾತ್ನೆಲ್ಲ ಎರಡೆರಡ್ ಸಲ ಕೇಳಿ ತಿಳ್ಕತಿದ್ರು ಕಣ್ಲಾ. ಮದ್ವೆಯಾಗಿ ಮೂವತ್ ವರ್ಸಕ್ಕೆ ಈಗ್ ಬಂದಿತ್ತು ನಂಗ್ ಆ ಸುಖ. ಇನ್ನೊಂದ್ ತಿಂಗ್ಳು ಬಾಯ್ ಮುಚ್ಕೊಂಡಿರಾಕೆ ನಿಂಗೇನ್ ರೋಗ ಬಂದಿತ್ತು?"